ರಾಕೆಟ್ಟಿನ ಕಾಲಿಗೆ ನಾಲ್ಕು ಪಿನ್ನು

ಮಾರ್ಚ್ ೩, ೨೦೨೫, ಸೋಮವಾರ

ರಂಜಾನ್ ಉಪವಾಸ, ಎರಡನೇ ರೋಜಾ. ಬೆಳಿಗ್ಗೆಯಿಂದ ಘೋಣಸಗಿಯ ಗುರಲಿಂಗಪ್ಪನವರ ಬೋರ್‌ವೆಲ್ ಮೋಟರಿನ ಶಾಫ್ಟು. ಮುರಿದದ್ದು ಮತ್ತೆ ಅದೇ ಜಾಗದಲ್ಲಿ — ದಪ್ಪ ಭಾಗ ಮುಗಿದು ಸಣ್ಣ ಭಾಗ ಶುರುವಾಗುವ ಮೂಲೆ. ಅದು ಚೂಪಾಗಿದ್ದರೆ ಸೀಳು ಅಲ್ಲೇ ಹುಟ್ಟುತ್ತದೆ. ಹೊಸದರಲ್ಲಿ ಮೂಲೆ ದುಂಡಗೆ ಮಾಡಿದೆ.

ಅಬ್ಬಾ ಪೇಪರ್ ಕತ್ತರಿಸಿ ವರ್ಕ್‌ಶಾಪಿನಲ್ಲಿ ಲೇತ್ ಹಿಂದಿನ ಗೋಡೆಗೆ ಅಂಟಿಸಿದ್ದಾರೆ. ವಿಜಯಲಕ್ಷ್ಮೀ ಫೋಟೋ. ‘ಬಬಲೇಶ್ವರದ ಮಗಳ ರಾಕೆಟ್.’ ಭಾರೀ ಹೊರೆ ಒಯ್ಯುವ ರಾಕೆಟ್ಟಂತೆ. ಹೊರೆಯನ್ನು ಮೇಲೆ ಬಿಟ್ಟು, ಕೆಳಭಾಗ ತಿರುಗಿ ಬಂದು ನಾಲ್ಕು ಕಾಲ ಮೇಲೆ ನಿಲ್ಲಬೇಕು, ಮತ್ತೆ ಹಾರಬೇಕು. ಆ ಕಾಲುಗಳು ಇವಳ ಟೀಮಿನವು.

“ನಿನ್ನ ಗೆಳತಿ ನೋಡ ಬೇಟಾ, ಎಲ್ಲಿಗೆ ಹೋಗ್ಯಾಳ” ಅಂದರು.

ನೋಡಿದೆ. ಹೆಲ್ಮೆಟ್ ಕೂಡ ಒಪ್ಪುತ್ತದೆ ಅವಳಿಗೆ.

ಕಾಲೇಜಿನಲ್ಲಿ ಮಷಿನ್ ಡಿಸೈನ್‌ಗೆ ನಾನೇ ಫಸ್ಟ್. ಆ ರಾಕೆಟ್ ಕಂಪನಿಯ ಇಂಟರ್‌ವ್ಯೂಗೆ ಇಬ್ಬರೂ ಹೋಗಿದ್ದೆವು. ಅಬ್ಬಾಗೆ ಕೈಲಾಗುವುದಿಲ್ಲ, ವರ್ಕ್‌ಶಾಪ್ ನೋಡಿಕೊಳ್ಳಬೇಕು, ಅದಕ್ಕೇ ಬಿಟ್ಟೆ — ಎಲ್ಲರಿಗೂ ಹೀಗೆ ಹೇಳುತ್ತೇನೆ. ಇಲ್ಲಿ ಬರೆಯಬಹುದು. ನನ್ನನ್ನು ತೆಗೆದುಕೊಳ್ಳಲಿಲ್ಲ.

ಮಾರ್ಚ್ ೯, ಭಾನುವಾರ, ಮಧ್ಯಾಹ್ನ

ವಿಜಿ ಬಂದಿದ್ದಳು. ಖುದ್ದು. ಸಿದ್ಧೇಶ್ವರ ಗುಡಿ ಹತ್ತಿರದ ಪೇಟೆಯಿಂದ ಖರ್ಜೂರ ತಂದಿದ್ದಳು. “ಇಫ್ತಾರಕ್ಕ ಆಗ್ತಾವು.” ಇಂಥದ್ದೂ ಅವಳಿಗೇ ನೆನಪಿರುತ್ತದೆ!

ಕೆಲಸವನ್ನೂ ತಂದಿದ್ದಳು. ಮಡಚಿದ ಕಾಲು ಬಿಚ್ಚಿಕೊಂಡ ಮೇಲೆ ಅದನ್ನು ಭದ್ರವಾಗಿ ಹಿಡಿಯುವ ಲಾಕ್ ಪಿನ್. ನಾಲ್ಕು ಬೇಕು. ಕಾಲನ್ನು ಕ್ರೇನಿನಿಂದ ಕೆಡವಿ ಟೆಸ್ಟ್ ಮಾಡುತ್ತಾರಂತೆ.

“ದೊಡ್ಡ ಶಾಪ್‌ನ್ಯಾಗ ಮಾಡಸ್ರಿ ಅಂದ್ರು. ನಾ ನಿನ್ನ ಹೆಸರ ಹೇಳೇನಿ, ಸುಮಿ. ವಾಷರ್ ಒತ್ತಿ ಕೂಡ್ಲಿ ಅಂತ ಕಡೀಕ ಗಡಿಬಿಡಿಯಾಗ ಡ್ರಾಯಿಂಗ್ ಬದಲ ಮಾಡೇನಿ. ಏನರ ತಪ್ಪ ಕಂಡ್ರ ಹೇಳ.”

ಡ್ರಾಯಿಂಗ್ ಬಿಚ್ಚಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮೂಲೆ. ಚೂಪು. ಗುರಲಿಂಗಪ್ಪನವರ ಶಾಫ್ಟಿನದೇ ಕಥೆ.

“ಎಲ್ಲಾ ಬರೋಬರಿ ಐತಿ ಬಿಡ” ಅಂದೆ.

ಬಾಯಿ ಒಣಗಿತ್ತು. ರೋಜಾ ಇದ್ದೆನಲ್ಲ, ಅದಕ್ಕೇ ಇರಬೇಕು...

ಮಾರ್ಚ್ ೧೫, ಶನಿವಾರ

ನಾಲ್ಕೂ ಮುಗಿದವು. ಇಷ್ಟು ಚೆಂದದ ಕೆಲಸ ನಾನು ಮಾಡಿಯೇ ಇಲ್ಲ. ಕನ್ನಡಿಯಂಥ ಪಾಲಿಶ್. ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅಬ್ಬಾ ಒಂದನ್ನು ಬೆಳಕಿಗೆ ಹಿಡಿದರು. ಬೆರಳು ಮೂಲೆಯ ಮೇಲೆ ನಿಂತಿತು.

“ಇದನ್ನ ಯಾಕ ಹಿಂಗ ಬಿಟ್ಟಿ?”

“ಡ್ರಾಯಿಂಗ್ ಹಂಗ ಐತಿ ಅಬ್ಬಾ.”

“ಆಕಿಗೆ ಹೇಳಿದಿ ಹೌದಿಲ್ಲೋ?”

“ಹೇಳೇನಿ.”

ಪ್ಯಾಕ್ ಮಾಡಿ ಕಳಿಸಿದೆ.

ಮಾರ್ಚ್ ೩೧, ಸೋಮವಾರ

ಹಬ್ಬ. ಶೀರಖುರ್ಮಾ ಹೆಚ್ಚು ಸಿಹಿಯಾಗಿತ್ತು. ವಿಜಿ ಮೆಸೇಜ್ — ಈದ್ ಮುಬಾರಕ್, ಏಪ್ರಿಲ್ ಎಂಟಕ್ಕೆ ಟೆಸ್ಟು, ದುವಾ ಮಾಡು. ‘ವಿಜಿ, ಆ ಮೂಲೆ’ ಎಂದು ಟೈಪ್ ಮಾಡಿದೆ. ಅಳಿಸಿದೆ. ಹೂವಿನ ಚಿತ್ರ ಕಳಿಸಿದೆ.

ಏಪ್ರಿಲ್ ೮, ಮಂಗಳವಾರ, ಸಂಜೆ ೫

ಮುರಿಯಿತು. ಮೂರನೇ ಸಲ ಕೆಡವಿದಾಗ ಪಿನ್ ತುಂಡಾಗಿ ಕಾಲು ಮಡಚಿಕೊಂಡಿದೆ. ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಯಾರೋ ಹಾಕಿದರು.

ಓದಿದ ತಕ್ಷಣ ಏನನ್ನಿಸಿತು? ಸುಳ್ಳು ಬರೆಯುವುದಿಲ್ಲ. ಖುಷಿ. ಎದ್ದು ಹೋಗಿ ಚಹಾ ಮಾಡಿಕೊಂಡೆ. ಸಕ್ಕರೆ ಜಾಸ್ತಿ ಹಾಕಿದೆ.

ಚಹಾ ಕುಡಿಯುವಾಗ ಎರಡನೇ ಮೆಸೇಜ್. ಮಲಕಾಜಪ್ಪ ಅಂತ ಟೆಕ್ನಿಷಿಯನ್ — ಪಿನ್ನಿನ ತುಂಡು ಸಿಡಿದು ಮುಂಗೈ ಮುರಿದಿದೆ.

ಏಪ್ರಿಲ್ ೯

ವಿಜಿ ಫೋನ್. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

“ತಪ್ಪ ನಂದ, ಸುಮಿ. ಮೂಲಿ ಚೂಪ ಮಾಡಿದಾಕಿ ನಾನ. ಕಂಪನಿಗೆ ಬರದ ಕೊಟ್ಟೇನಿ. ನೀ ಏನೂ ಚಿಂತಿ ಮಾಡಬ್ಯಾಡ, ನಿನ್ನ ಕೆಲಸದಾಗ ಏನೂ ಕಮ್ಮಿ ಇರಲಿಲ್ಲಂತ ಹೇಳೇನಿ.”

ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದೆ. ಇದಕ್ಕೂ ಉರಿಯುತ್ತದಲ್ಲ ನನಗೆ. ಎಂಥ ಹೆಂಗಸು ನಾನು.

ಏಪ್ರಿಲ್ ೨೦, ಭಾನುವಾರ

ಬಬಲೇಶ್ವರಕ್ಕೆ ಹೋಗಿ ಬಂದೆ. ತನಿಖೆ ಮುಗಿಯುವವರೆಗೆ ಅವಳಿಗೆ ರಜೆ, ಮನೆಯಲ್ಲೇ ಇದ್ದಾಳೆ. ಅವಳ ತಾಯಿ ನೀಲಾಬಾಯಿ ರೊಟ್ಟಿ ಬಡಿಯುತ್ತಿದ್ದರು. “ಛಲೋ ಆತ ಬಂದಿ, ಯವ್ವಾ. ಎರಡ ಮಾತಾಡ್ಸು ಆಕಿನ್ನ. ಬಾಯಿ ಬಿಡವಲ್ಲಳು.”

ಹಿತ್ತಲಲ್ಲಿ ಕೂತೆವು. ಹೇಳಿಬಿಟ್ಟೆ.

“ಅವತ್ತ ಡ್ರಾಯಿಂಗ್ ನೋಡಿದ ಕೂಡ್ಲೇ ನಂಗ ಕಂಡಿತ್ತು, ವಿಜಿ.”

“ಮತ್ತ ಯಾಕ ಹೇಳಲಿಲ್ಲ?”

“ಹೊಟ್ಟಿಕಿಚ್ಚು.”

“ನನ್ನ ಮ್ಯಾಲ ನಿಂಗ ಹೊಟ್ಟಿಕಿಚ್ಚ ಐತಿ ಅಂತ ನಂಗ ಗೊತ್ತಿತ್ತು” ಅಂದಳು. “ಇಷ್ಟ ಐತಿ ಅಂತ ಗೊತ್ತಿರಲಿಲ್ಲ. ಮಲಕಾಜಪ್ಪಗ ಏನ ಹೇಳ್ಲಿ ನಾ?”

“ನೀ ಹೇಳಬ್ಯಾಡ. ನಾನ ಹೇಳ್ತೇನಿ. ಕಂಪನಿಗೂ ಬರೀತೇನಿ.”

ವಿಜಿ ಬಾಗಿಲವರೆಗೆ ಬರಲಿಲ್ಲ. ನೀಲಾಬಾಯಿ ರೊಟ್ಟಿ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಆ ಗಂಟು ತೊಡೆಯ ಮೇಲೆ ಬಿಸಿಯಾಗಿತ್ತು.

ಏಪ್ರಿಲ್ ೨೪

ಕಂಪನಿಗೆ ಪತ್ರ ಹಾಕಿದೆ. ಇದ್ದದ್ದು ಇದ್ದ ಹಾಗೆ. ಅಬ್ಬಾಗೆ ಮೊನ್ನೆಯೇ ಹೇಳಿದ್ದೆ. ಬೈಯಲಿಲ್ಲ. ಗೋಡೆಯ ಮೇಲಿನ ಫೋಟೋ ಬಿಚ್ಚಿ ಮಡಚಿಟ್ಟರು. ಎರಡು ದಿನ ಲೇತ್ ಹತ್ತಿರ ನನ್ನನ್ನು ಬಿಡಲಿಲ್ಲ.

ಮಲಕಾಜಪ್ಪನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿದ. “ಕೈ ಕೂಡತೈತಿ ಬಿಡ್ರಿ ಅಕ್ಕಾರ” ಅಂದ. ಆಮೇಲೆ, “ನನ್ನ ಮಾರಿ ನೀವು ಎಂದೂ ನೋಡಿಲ್ಲ. ಅದಕ್ಕ ಸುಮ್ನ ಕುಂತ್ರಿ” ಅಂದ. ಸಿಟ್ಟೇ ಇರಲಿಲ್ಲ ಆ ಮಾತಿನಲ್ಲಿ.

ಜೂನ್ ೧೧, ಬುಧವಾರ, ಮಧ್ಯಾಹ್ನ ೩

ಏಳು ವಾರ ಸುದ್ದಿ ಇಲ್ಲ. ಇವತ್ತು ಮೇಲ್. ವಿಜಿಯದು. ಅವಳನ್ನು ಮತ್ತೆ ಟೀಮಿಗೆ ಹಾಕಿದ್ದಾರೆ. ನಮ್ಮ ವರ್ಕ್‌ಶಾಪಿಗೆ ಇನ್ನು ಅವರ ಕೆಲಸ ಇಲ್ಲವಂತೆ, ಸರಿಯೇ. ಜೊತೆಗೆ ಹೊಸ ಡ್ರಾಯಿಂಗ್. ಕೆಳಗೆ ಒಂದೇ ಸಾಲು — ‘ನೋಡು. ಈ ಸಲ ಸುಳ್ಳು ಹೇಳಬೇಡ.’

ನೋಡಿದೆ. ತಪ್ಪು ಹುಡುಕಲೆಂದೇ ನೋಡಿದೆ, ಆಸೆಯಿಂದ. ಮೂರು ಸಲ ಲೆಕ್ಕ ಹಾಕಿದೆ. ಮೂಲೆ ದುಂಡಗಾಗಿದೆ. ದುಂಡು ಮೂಲೆಗೂ ವಾಷರ್ ಒತ್ತಿ ಕೂರುವಂತೆ ಅದರ ಒಳ ಅಂಚನ್ನೇ ಇಳಿಜಾರು ಮಾಡಿದ್ದಾಳೆ. ನನಗೆ ಹೊಳೆಯುತ್ತಿರಲಿಲ್ಲ ಇದು. ಹತ್ತು ವರ್ಷ ಕೊಟ್ಟಿದ್ದರೂ ಹೊಳೆಯುತ್ತಿರಲಿಲ್ಲ.

ಉರಿ ಇದೆ ಇನ್ನೂ. ಇರಲಿ.

‘ತಪ್ಪಿಲ್ಲ’ ಎಂದು ಬರೆದೆ. ಅಷ್ಟಕ್ಕೇ ಬಿಟ್ಟರೆ ಅದೂ ಅರ್ಧ ಸುಳ್ಳೇ. ‘ಬಹಳ ಚೆನ್ನಾಗಿದೆ’ ಎಂದು ಸೇರಿಸಿದೆ. ಅಳಿಸಿದೆ. ಮತ್ತೆ ಬರೆದೆ. ಕಳಿಸಿದೆ.

೩.೨೦

ಫೋನ್ ಬಡಿದುಕೊಳ್ಳುತ್ತಿದೆ. ಅವಳೇ. ಅಬ್ಬಾ ಲೇತ್ ನಿಲ್ಲಿಸಿ ಇತ್ತ ನೋಡುತ್ತಿದ್ದಾರೆ. “ಎತ್ತ ಬೇ.” ಎತ್ತಿ ಏನು ಹೇಳಲಿ —