ಹಮ್ದಾನ್ ಅಣ್ಣನ ಹಸು

ನ್ಯಾಲ್, ದಕ್ಷಿಣ ಸುಡಾನ್

ಪ್ರೀತಿಯ ಹಮ್ದಾನ್ ಅಣ್ಣನಿಗೆ ನ್ಯಾಲಾಡಳ ಸಲಾಮುಗಳು.

ನಾವೆಲ್ಲ ಬದುಕಿದ್ದೇವೆ. ಅದನ್ನು ತಿಳಿಸಲೆಂದೇ ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ನೀವು ಓಡಿಸುವ ಎಣ್ಣೆ ಕಂಪನಿಯ ಟ್ಯಾಂಕರ್ ಕೆಟ್ಟಿದೆಯೆಂದು ನೆಪ ಹೇಳಿ ನಮ್ಮ ಅಂಗಳಕ್ಕೆ ಬಂದಾಗ ಅಜ್ಜಿ ನಿಮ್ಮನ್ನು ಕೂರಲೂ ಹೇಳಲಿಲ್ಲ.

"ನಾಳೆ ಇಲ್ಲಿರ್ಬೇಡಿ ಅಜ್ಜಿ. ದನ ಹೊಡ್ಕೊಂಡು ಹೊಳೆ ದಾಟಿ," ಎಂದಿರಿ.

"ನಮ್ಮ ನೆಲದಡಿ ಎಣ್ಣೆ ಸಿಕ್ತು ಅಂತ ನಮ್ಮನ್ನೇ ಓಡಿಸ್ತೀಯೇನೋ, ಕಂಪನಿ ಉಪ್ಪು ತಿಂದೋನೇ?"

"ತಿಂದಿದ್ದೀನಿ ಅಜ್ಜಿ. ಕಂಪನಿ ಮೈದಾನದಲ್ಲಿ ಇಳಿದಿರೋ ಸೈನ್ಯದ ಹೆಲಿಕಾಪ್ಟರ್‌ಗೆ ಇವತ್ತು ಎಣ್ಣೆ ತುಂಬಿಸಿದ್ದೂ ನಾನೇ. ಅದು ನಾಳೆ ಎಲ್ಲಿಗೆ ಬರುತ್ತೆ ಅಂತ ಅದಕ್ಕೇ ಗೊತ್ತು."

ಅಜ್ಜಿ ದನಗಳ ಹಗ್ಗ ಬಿಚ್ಚತೊಡಗಿದಳು.

ಮರುದಿನ ಹೊಳೆಯಾಚೆಯ ಜೊಂಡಿನಲ್ಲಿ ಕುಳಿತು ನಮ್ಮೂರಿನ ಹೊಗೆ ನೋಡಿದೆವು. ಗುಡಿಸಲುಗಳಷ್ಟೇ ಸುಟ್ಟುಹೋದವು, ಒಳಗೆ ಯಾರೂ ಇರಲಿಲ್ಲ. ಈಗ ಅಲ್ಲಿ ಕಂಪನಿಯ ರಸ್ತೆ ಹಾದುಹೋಗಿದೆಯಂತೆ.

ಇಲ್ಲಿ ಮೀನು ಸಿಗುತ್ತದೆ, ನೈದಿಲೆ ಬೀಜದ ಹಿಟ್ಟೂ ಇದೆ. ಅಜ್ಜಿ ಒಂದು ಬಿಳಿ ಹಸುವನ್ನು ನಿಮ್ಮ ಹೆಸರಿಗೆ ಬಿಟ್ಟಿದ್ದಾಳೆ. "ದನ ಕೊಟ್ಟ ಮೇಲೆ ಅವ್ನು ನಮ್ಮೋನೇ," ಅನ್ನುತ್ತಾಳೆ. ಅದು ಈಚೆಗೆ ಕರು ಹಾಕಿತು. ನಿಮ್ಮನ್ನು ಕೇಳದೆಯೇ ಹಾಲನ್ನು ನಮ್ಮ ಮಕ್ಕಳು ಕುಡಿಯುತ್ತಿದ್ದಾರೆ, ಬೇಸರ ಮಾಡಿಕೊಳ್ಳಬೇಡಿ.

ಯುದ್ಧ ನಿಂತ ಮೇಲೆ ಖಂಡಿತ ಬನ್ನಿ. ಒಂದೇ ಕೋರಿಕೆ, ನಡೆದೇ ಬನ್ನಿ. ಟ್ಯಾಂಕರಿನ ಸದ್ದು ಕೇಳಿದರೆ, ಬಂದವರು ನೀವೆಂದು ತಿಳಿಯುವ ಮೊದಲೇ ಅಜ್ಜಿ ಮಕ್ಕಳನ್ನು ಎಳೆದುಕೊಂಡು ಜೊಂಡಿನೊಳಗೆ ಓಡಿಬಿಡುತ್ತಾಳೆ.

ನಿಮ್ಮ ತಂಗಿ,
ನ್ಯಾಲಾಡ