ಅಮ್ಮನ ಮುಖದ ಹಲಗೆ

ಅಣ್ಣಾ,

ನಾನು ಮರದಲ್ಲಿ ಕೆತ್ತಿ ಅಚ್ಚು ತೆಗೆದಿದ್ದ ಅಮ್ಮನ ಚಿತ್ರದ ಹೊಸ ಪ್ರತಿಗಳನ್ನು ನಿನ್ನೆ ಚೌಕಟ್ಟಿನ ಅಂಗಡಿಯಲ್ಲಿ ನೋಡಿದೆ. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. "ನಿಮ್ಮಣ್ಣನೇ ತಂದುಕೊಟ್ಟಿದ್ದು, ನಿಮ್ಮ ಸಹಿ ಇದೆಯಲ್ಲ" ಎಂದ ಅಂಗಡಿಯವನು. ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕಿದ್ದೀಯ.

ಮೊದಲೇ ಹೇಳಿದಷ್ಟು ಪ್ರತಿ ತೆಗೆದಾದ ಮೇಲೆ ಕೆತ್ತಿದ ಹಲಗೆಗೆ ಅಡ್ಡಗೀರು ಎಳೆದು ಕೆಡಿಸುತ್ತೇವೆ. ಇನ್ನೊಂದು ಪ್ರತಿ ಬರುವುದಿಲ್ಲ ಎಂದು ಕೊಂಡವರಿಗೆ ಕೊಟ್ಟ ಮಾತು ಅದು. ತೀರಿಹೋದ ಅಮ್ಮನ ಮುಖಕ್ಕೆ ಉಳಿ ಇಡಲು ಕೈಯೇಳದೆ ಆ ಕೆಲಸ ನಿನಗೆ ಒಪ್ಪಿಸಿದೆ. "ಗೀರಿ ಆಯ್ತು, ಇನ್ನು ಅದನ್ನ ಕೇಳಬೇಡ" ಅಂದೆ ನೀನು. ಹೇಳುವಾಗ ಕಣ್ಣನ್ನೂ ಒರೆಸಿಕೊಂಡೆ.

ಬಂದ ದುಡ್ಡು ನೀನೇ ಇಟ್ಟುಕೋ. ಹಲಗೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕಳಿಸು, ಅಂಚು ಮುಕ್ಕಾಗದಿರಲಿ. ಉಳಿ ಮಸೆದಿಟ್ಟಿದ್ದೇನೆ. ಅಮ್ಮನ ಮುಖಕ್ಕೆ ಈ ಸಲ ನಾನೇ ಗೀರು ಎಳೆಯುತ್ತೇನೆ.

ನಿನ್ನ ತಂಗಿ
(ಈ ಸಹಿ ನಾನೇ ಹಾಕಿದ್ದು.)