ಟ್ಯಾಂಕಿನೊಳಗಿನ ಕುರ್ಚಿ

ಜನವರಿ 9, ಸಂಜೆ

ಗೋಡೆಯ ಕಾಂಕ್ರೀಟು ಮುಗಿಯಿತು. ಮೇಲೊಂದು ಸ್ಲ್ಯಾಬ್ ಹಾಕಿ ಮುಚ್ಚಿದರೆ ನೀರಿನ ಟ್ಯಾಂಕ್ ಟ್ಯಾಂಕಿನ ಹಾಗೆ ಕಾಣುತ್ತದೆ. ಸದ್ಯಕ್ಕೆ ಆಕಾಶಕ್ಕೆ ಬಾಯಿ ತೆರೆದ ದೊಡ್ಡ ಬಾಣಲೆ. ಏಣಿ ಹತ್ತಿ ಇಳಿದು ಮಂಡಿ ಅಯ್ಯೋ ಅನ್ನುತ್ತಿದೆ. "ಕೆಳಗೇ ನಿಂತು ನೋಡಬಹುದಲ್ಲಮ್ಮ" ಎಂದರು ಆಫೀಸಿನಲ್ಲಿ ಸಾಹೇಬರು. ಕೆಳಗೆ ನಿಂತರೆ ಎಂಜಿನಿಯರಿಗೆ ಕಂಬಿ ಕಾಣುತ್ತದೆಯೇ? ನನ್ನ ತಲೆ.

ಸೆಂಟ್ರಿಂಗ್ ಮೇಸ್ತ್ರಿಯ ಜೊತೆ ಇವತ್ತೂ ಜಟಾಪಟಿ. ಬೆಳಿಗ್ಗೆ ಕಾಂಕ್ರೀಟು ಸುರಿಯುವ ಮೊದಲು, ಅದಕ್ಕೆ ಅಚ್ಚಾಗಿ ಕಟ್ಟಿದ್ದ ಹಲಗೆಯ ಸಂದಿಯಲ್ಲಿ ನನ್ನ ಬೆರಳು ತೂರುತ್ತಿತ್ತು. "ಬಿಚ್ಚಿ" ಎಂದೆ.

"ಬಿಚ್ಚೋದೇ ನಮ್ ಕಸುಬು, ಬಿಡಿ ಮೇಡಂ."

ನಗುತ್ತಲೇ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡುವುದಿಲ್ಲ ಆ ಮನುಷ್ಯ.

ಜನವರಿ 13

ಟ್ಯಾಂಕಿನೊಳಗೆ ಇಳಿದರೆ ನಡುಮಧ್ಯೆ ಒಂದು ಕುರ್ಚಿ! ಉಳಿದ ಹಲಗೆಯಲ್ಲಿ ಮೇಸ್ತ್ರಿ ಅಲ್ಲೇ ಕೂತು ಮಾಡಿದ್ದು. ಕೈ ಇಡಲು ಜಾಗ, ಬೆನ್ನು ತುಸು ಹಿಂದಕ್ಕೆ. ಒಂದು ಮೊಳೆಯೂ ಇಲ್ಲ, ಬರೀ ಕಚ್ಚು ಕೊರೆದು ಕೂರಿಸಿದ ಜೋಡಣೆ, ಅಂಟು.

"ಇದು ಯಾರಿಗೆ?"

"ಯಾರಿಗೆ ಮಂಡಿ ನೋವೋ ಅವರಿಗೆ."

ಕೆಲಸದವರು ಮುಖ ಆ ಕಡೆ ತಿರುಗಿಸಿ ನಕ್ಕರು. ಬಿಗುಮಾನದಿಂದ ನಿಂತೇ ಇದ್ದೆ. ಆಮೇಲೆ ಕೂತೆ. ಸುಳ್ಳೇಕೆ — ಮನೆಯ ಸೋಫಾ ಕೂಡ ಇಷ್ಟು ಹಿತವಾಗಿಲ್ಲ.

ಜನವರಿ 22

ಮೇಲಿನ ಸ್ಲ್ಯಾಬಿನ ಕೆಲಸ. ಟ್ಯಾಂಕಿನ ತುಂಬ ಹಲಗೆಗೆ ಆಸರೆ ಕೊಟ್ಟ ಊರುಗೋಲುಗಳು, ನಡುವೆ ನನ್ನ ಕುರ್ಚಿ. ('ನನ್ನ' ಅಂತೆ!) ಮೇಸ್ತ್ರಿಯೂ ನಾನೂ ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಹೆಂಡತಿ ತೀರಿಕೊಂಡು ಎಂಟು ವರ್ಷವಂತೆ. ಮಗಳಿಗೆ ಮದುವೆಯಾಗಿದೆ.

"ಮನೆ ಎಲ್ಲಿ ನಿಮ್ಮದು?"

"ಸೈಟ್ ಎಲ್ಲೋ ಅಲ್ಲೇ ಮೇಡಂ. ಕೆಲಸ ಮುಗೀತು, ಹಲಗೆ ಲಾರಿಗೆ ಏರಿತು, ಅದರ ಮೇಲೆ ನಾನೂ ಏರಿದೆ."

ಮುಂದಿನ ಕೆಲಸ ಬೇರೆ ಊರಿನಲ್ಲಿ. ಸೋರಿಕೆ ಪರೀಕ್ಷೆಯಲ್ಲಿ ಟ್ಯಾಂಕ್ ಪಾಸಾದ ಕೂಡಲೇ ಹೊರಡುತ್ತಾರೆ. ಗೊತ್ತಿದ್ದದ್ದೇ. ಆದರೂ ಉಳಿದ ಚಹಾ ಕುಡಿಯದೆ ಚೆಲ್ಲಿದೆ.

ಮನೆಯಲ್ಲಿ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದೆನಂತೆ. ಅಮ್ಮ: "ಏನೇ, ಕಾಂಕ್ರೀಟು ಹಾಡೋದನ್ನೂ ಕಲಿಸತ್ತಾ?"

ಜನವರಿ 27

ಸ್ಲ್ಯಾಬ್ ಹಾಕಿದ್ದಾಯಿತು. ಮೈಯೆಲ್ಲ ಸಿಮೆಂಟು. ಇಷ್ಟೇ, ನಿದ್ದೆ.

ಫೆಬ್ರವರಿ 20, ಸಂಜೆ

ಅಯ್ಯೋ, ಎಂಥ ಬುದ್ಧಿವಂತರು ನಾವಿಬ್ಬರೂ!

ಸ್ಲ್ಯಾಬಿನ ಕೆಳಗಿನ ಹಲಗೆ, ಊರುಗೋಲು ಎಲ್ಲ ಬಿಚ್ಚಿ, ಒಳಗಿಳಿಯಲು ಸ್ಲ್ಯಾಬಿನಲ್ಲಿ ಬಿಟ್ಟ ಮ್ಯಾನ್‌ಹೋಲಿನಿಂದ ಒಂದೊಂದಾಗಿ ಮೇಲೆ ಕೊಟ್ಟರು. ಕೊನೆಗೆ ಉಳಿದದ್ದು ಕುರ್ಚಿ. ಮ್ಯಾನ್‌ಹೋಲು ಎರಡಡಿ ಚೌಕ. ಕಾಲು ಮೊದಲು ತೂರಿಸಿದರು, ಬೆನ್ನು ಮೊದಲು ತೂರಿಸಿದರು, ಓರೆ ಮಾಡಿದರು. ಮೇಲಿನಿಂದ ಇಬ್ಬರು ಎಳೆದರು, ಕೆಳಗಿನಿಂದ ಮೂವರು ನೂಕಿದರು. ಜಪ್ಪಯ್ಯ ಅಂದರೂ ಬರಲಿಲ್ಲ. ಟ್ಯಾಂಕಿಗೆ ಮುಚ್ಚಳ ಬರುತ್ತದೆ ಎನ್ನುವುದು, ಜೀವಮಾನವೆಲ್ಲ ಮುಚ್ಚಳ ಕಟ್ಟಿದವರಿಗೂ ನೆನಪಾಗಿಲ್ಲ, ಡ್ರಾಯಿಂಗ್ ಕೈಯಲ್ಲಿ ಹಿಡಿದು ಓಡಾಡಿದ ನನಗೂ ನೆನಪಾಗಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು ಎಲ್ಲರೂ.

ಕುಡಿಯುವ ನೀರಿನ ಟ್ಯಾಂಕು. ಮರ ಇರುವ ಹಾಗಿಲ್ಲ. "ಕುಯ್ದುಬಿಡಿ" ಎಂದೆ. ಧ್ವನಿ ಬೇಕಾದ್ದಕ್ಕಿಂತ ಗಡುಸಾಯಿತು.

ಮೇಸ್ತ್ರಿ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ತಾವೇ ಗರಗಸ ಹಿಡಿದರು. ಅಲುಗದ ಹಾಗೆ ನಾನು ಹಿಡಿದುಕೊಂಡೆ. ಗರಗಸದ ಸದ್ದು ಆ ಗೋಡೆಗಳ ನಡುವೆ ತಿರುಗಿ ತಿರುಗಿ ಬರುತ್ತಿತ್ತು. ಕುರ್ಚಿಯ ಒಂದು ಕೈ ಕಳಚಿತು. ನಿಲ್ಲಿಸಿದರು.

"ನಾಲ್ಕು ಮೊಳೆ ಹೊಡೆದಿದ್ರೆ ಈಗ ಬಿಚ್ಚಿ ಹೊರಗೆ ತಗೋಬಹುದಿತ್ತು."

"ಮತ್ತೆ ಯಾಕೆ ಹೊಡೀಲಿಲ್ಲ?"

"ಬಿಚ್ಚೋದಕ್ಕೆ ಅಂತಲೇ ಕಟ್ಟಿ ಕಟ್ಟಿ ಸಾಕಾಗಿತ್ತು ಮೇಡಂ. ಇದೊಂದನ್ನ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ."

ಇನ್ನೊಂದು ಕೈ ಹಿಡಿದುಕೊಂಡೆ. ಕುಯ್ದರು.

ನನಗೆ ಆ ಮನುಷ್ಯ ಇಷ್ಟ. ಬರೆದೇಬಿಟ್ಟೆ ನೋಡು. ನಲವತ್ತಾರರಲ್ಲಿ.

ಮಾರ್ಚ್ 6

ಟ್ಯಾಂಕ್ ತುಂಬಿಸಿದೆವು. ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ವಾರ ಬಿಡಬೇಕು. ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿದರೆ ಖಾಲಿ ಮಾಡಿ, ಮತ್ತೆ ಹಲಗೆ ಕಟ್ಟಿ ರಿಪೇರಿ — ಏನಿಲ್ಲವೆಂದರೂ ಎರಡು ತಿಂಗಳು. ಅಲ್ಲಿಯವರೆಗೆ ಸೆಂಟ್ರಿಂಗಿನವರು ಊರು ಬಿಡುವ ಹಾಗಿಲ್ಲ.

ಎರಡು ತಿಂಗಳು...

ಮಾರ್ಚ್ 10

ಬೆಳಿಗ್ಗೆ ಎದ್ದವಳೇ ಹೋಗಿ ಗೋಡೆ ಸುತ್ತ ಒದ್ದೆ ಹುಡುಕಿದೆ. ಒದ್ದೆ ಇರಲಿ ಎಂದೇ ಹುಡುಕಿದೆ. ನಾನೇ ನಿಂತು ಕಟ್ಟಿಸಿದ ಟ್ಯಾಂಕು ಸೋರಲಿ ಎಂದು ಹಂಬಲಿಸುವ ಎಂಜಿನಿಯರು ನನ್ನನ್ನು ಬಿಟ್ಟರೆ ಇನ್ನೊಬ್ಬಳು ಇರಲಿಕ್ಕಿಲ್ಲ. ಈ ಬೀದಿಗಳಲ್ಲಿ ಜನ ಕೊಡ ಹೊತ್ತು ಮಹಡಿ ಹತ್ತುತ್ತಿದ್ದಾರೆ. ನನ್ನ ಅಮ್ಮನೇ ಹತ್ತುತ್ತಿದ್ದಾಳೆ. ನಾಚಿಕೆಯಾಗಬೇಕು.

ಆಗುತ್ತಿದೆ. ಆದರೂ ಹುಡುಕಿದೆ. ಒಂದು ಹನಿಯೂ ಇಲ್ಲ.

ಮಾರ್ಚ್ 13, ಸಂಜೆ

ಪಾಸು. ನೀರು ಇಳಿದದ್ದು ಬಿಸಿಲಿಗೆ ಆರಿದಷ್ಟೇ. ಸಹಿ ಹಾಕಿದೆ.

ಏಣಿಯ ಬುಡದಲ್ಲಿ ಮೇಸ್ತ್ರಿ ಕಾಯುತ್ತಿದ್ದರು. "ಇಳಿದಿದ್ಯಾ ಮೇಡಂ?"

"ಇಲ್ಲ."

"ಒಂದ್ ಚೂರೂ?"

"ಇಲ್ಲ ಅಂದ್ನಲ್ಲ."

"ಒಳ್ಳೇದೇ ಆಯ್ತು" ಎಂದರು. ಮುಖ ಸಪ್ಪೆ. ಆ ಮುಖ ನೋಡಿ ನನಗೆಲ್ಲಿಂದ ಧೈರ್ಯ ಬಂತೋ, ಬಾಯಿಂದ ಬಂದೇಬಿಟ್ಟಿತು — "ನೀವು ಹೋಗೋದು ನಂಗಿಷ್ಟ ಇಲ್ಲ. ಸೋರಿದ್ರೆ ಚೆನ್ನಾಗಿತ್ತು ಅನ್ಸ್ತು. ಹೇಳ್ಬೇಕಿತ್ತು, ಹೇಳ್ದೆ."

ಅವರು ನನ್ನನ್ನು ನೋಡಿದರು. ಹಿಂದೆ ಊರುಗೋಲು ಜೋಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಆಮೇಲೆ ಹೇಳಿದ್ದು:

"ಬೆಳಿಗ್ಗೆ ಲಾರಿ ಬರತ್ತೆ ಮೇಡಂ."

ಅಷ್ಟೇ.

ಮಾರ್ಚ್ 14

ಲಾರಿ ಹೋಯಿತು. ನಾನು ಸೈಟಿಗೆ ಹೋಗಲಿಲ್ಲ. ಆಫೀಸಿನಲ್ಲಿ ಎಲ್ಲರ ಮೇಲೂ ರೇಗಿದೆ.

ಮಾರ್ಚ್ 24

ಮನೆಮನೆಗೆ ನೀರು ಬಿಟ್ಟೆವು. ಮೂರನೇ ಮಹಡಿಯ ನಮ್ಮ ನಲ್ಲಿಯಲ್ಲೂ ಬಂತು. ಅಮ್ಮ ಚಿಕ್ಕ ಹುಡುಗಿಯ ಹಾಗೆ ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಪಕ್ಕದ ಮನೆಯಾಕೆಯನ್ನು ಕರೆದು, "ನನ್ನ ಮಗಳು ಬಿಟ್ಟ ನೀರು" ಎಂದು ತೋರಿಸಿದಳು. ಖುಷಿಯಾಯಿತು, ನಿಜವಾಗಿ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಹೊರಗೆ ಬಂದರೆ ಅಮ್ಮ ಬಾಗಿಲಲ್ಲೇ. "ನೀರು ಬಂದಿದ್ದಕ್ಕೆ ಯಾರಾದ್ರೂ ಅಳ್ತಾರೇನೇ?"

ಎಲ್ಲ ಹೇಳಿದೆ. ಕುರ್ಚಿ, ಟ್ಯಾಂಕು, ಲಾರಿ. ಅಮ್ಮ ಸೆರಗಿನಲ್ಲಿ ನನ್ನ ಮುಖ ಒರೆಸಿದಳು.

"ಬಾಯಿ ಬಿಡೋಕೆ ನಿಂಗೆ ನಲವತ್ತಾರು ವರ್ಷ ಬೇಕಾಯ್ತು. ಪಾಪ, ಅವನಿಗೆ ಹತ್ತು ದಿನಾನೂ ಕೊಡಲ್ವಾ?"

ಮಾರ್ಚ್ 29, ಭಾನುವಾರ, ಬೆಳಿಗ್ಗೆ

ಫೋನು. ಇಷ್ಟು ತಿಂಗಳಲ್ಲಿ ಕೆಲಸದ ಮಾತಿಲ್ಲದೆ ಬಂದ ಮೊದಲ ಫೋನು.

"ಮೇಡಂ... ಟ್ಯಾಂಕ್ ಹತ್ರ ನಿಂತಿದ್ದೀನಿ. ನಿಮ್ಮನೆ ಯಾವುದು ಅಂತ ಗೊತ್ತಿಲ್ಲ."

ಫೋನು ಹಿಡಿದೇ ಕಿಟಕಿಗೆ ಓಡಿದೆ. ಅವರೇ ಮಾತಾಡಿದರು. "ಆವತ್ತು ಎಲ್ಲ ನೋಡ್ತಿದ್ರು, ನಾಲಿಗೆ ಏಳಲಿಲ್ಲ. ಅಲ್ಲಿ ಕೆಲಸ ಶುರು ಮಾಡಿಸಿ ಬಂದೆ. ರಾತ್ರಿ ಬಸ್ಸಲ್ಲಿ. ಮಗಳಿಗೂ ಹೇಳಿದೆ."

"ಏನಂದ್ಲು?"

"ಇನ್ನೂ ಅಲ್ಲೇ ಯಾಕೆ ನಿಂತಿದ್ದೀಯಪ್ಪಾ, ಅಂದ್ಲು."

ನಕ್ಕೆನೋ ಅತ್ತೆನೋ. "ಹಸಿರು ಗೇಟು, ಮೂರನೇ ಮಹಡಿ. ಮತ್ತೆ, ಇಲ್ಲಿ ಮೇಡಂ ಗೀಡಂ ಅನ್ಬೇಡಿ."

"ಮತ್ತೇನನ್ಲಿ?"

"ಬರ್ತಾ ಯೋಚ್ನೆ ಮಾಡಿ."

ಅಮ್ಮ ಸೀರೆ ಬದಲಾಯಿಸುತ್ತಿದ್ದಾಳೆ. ನನಗೆ ಕೈಕಾಲು ಆಡದೆ ಇದನ್ನು ಬರೆಯುತ್ತ ಕೂತಿದ್ದೇನೆ. ಮೆಟ್ಟಿಲ ಮೇಲೆ ಹೆಜ್ಜೆ. ಒಂದನೇ ಮಹಡಿ ದಾಟಿದರು. ಎರಡನೆಯದರಲ್ಲಿ ನಿಂತರು, ಉಸಿರು ತೆಗೆದುಕೊಳ್ಳುತ್ತಿರಬೇಕು. ಈಗ ಕೆಮ್ಮಿದರು. ಬಾಗಿಲ ಹೊರಗಿನಿಂದಲೇ ಮೆಲ್ಲಗೆ, "ಏನ್ರೀ..."